ದುರ್ಬೀನು ಇಲ್ಲವೆಂದಿತು, ಮೂತ್ರ ಇದೆ ಎಂದಿತು

ಮೊನ್ನೆ ಸಿಂಧನೂರಿನಿಂದ ತುರ್ವಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾ ಕಿಟಕಿಯ ಪಕ್ಕ ನಿಂತಿದ್ದೆ. ಕಾಲುವೆಗೆ ನೀರು ಬಿಟ್ಟಿದ್ದರು. ರಸ್ತೆಯ ಎರಡೂ ಬದಿಗೆ ಟ್ರ್ಯಾಕ್ಟರುಗಳು ಗದ್ದೆಯ ಕೆಸರು ಕಲಸುತ್ತಿದ್ದವು. ಕೊಳೆತ ಕೂಳೆ, ಹಸಿ ಮಣ್ಣು, ಡೀಸೆಲ್ ಹೊಗೆ ಎಲ್ಲ ಕೂಡಿದ ವಾಸನೆಯೊಂದು ಒಳಗೆ ನುಗ್ಗಿತು. ನನ್ನ ಬೆರಳು ಟಿಕೆಟ್ ಮಷಿನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಮುಂದೆ ನಿಂತ ಮುದುಕ "ಅಕ್ಕೋರ, ಟಿಕೀಟ್ ಕೊಡ್ರೀ, ಊರು ಬಂತು" ಎಂದಾಗಲೇ ಎಚ್ಚರ.

ಆ ಸೀಮೆಯವರಿಗೆಲ್ಲ ಅದು ನಾಟಿಯ ವಾಸನೆ. ನನಗೆ ಅದು ಮೂಗಿಗೆ ಬಡಿದರೆ, ನಾನು ಅನುಮಾನದಲ್ಲಿ ಬದುಕಿದ ಆ ಒಂದು ಹಂಗಾಮು ಮೈಯೆಲ್ಲ ಹರಿದಾಡುತ್ತದೆ. ಗದ್ದೆಯಲ್ಲಿ ಸಸಿ ಹಚ್ಚುವಾಗ ಶುರುವಾದದ್ದು, ಕಟಾವಿನ ಯಂತ್ರಗಳು ಬರುವವರೆಗೂ ಇತ್ಯರ್ಥವಾಗಲಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಮನೆ ಮಸ್ಕಿಯಲ್ಲಿ, ಡಿಪೋ ಲಿಂಗಸುಗೂರಿನಲ್ಲಿ. ಗಂಡ ಭೀಮಾಶಂಕರ ಮಸ್ಕಿಯಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತ. ನಮ್ಮ ಮನೆತನದಲ್ಲಿ ಸಂಬಳದ ಕೆಲಸ ಕಂಡವರಲ್ಲಿ ನಾವೇ ಮೊದಲಿಗರು. ಹಾಗಾಗಿ ಕೆಲಸವೆಂದರೆ ನನಗೆ ಬಲು ಮರ್ಯಾದೆ. ಒಂದು ದಿನವೂ ಬಸ್ಸು ನನ್ನಿಂದ ತಡವಾಗಬಾರದು ಎಂಬ ಹಟ ಇತ್ತು. ಹೆಂಗಸಾದ ಕಂಡಕ್ಟರಿಗೆ ಈ ದಾರಿಯಲ್ಲಿ ದೊಡ್ಡ ತೊಂದರೆ ಯಾವುದು ಅಂತ ಯಾರಾದರೂ ಕೇಳಿದರೆ, ಗದ್ದಲವೂ ಅಲ್ಲ, ಚಿಲ್ಲರೆಯೂ ಅಲ್ಲ, ಒಂದಕ್ಕೆ ಹೋಗುವುದೇ ಎಂದು ಹೇಳುತ್ತಿದ್ದೆ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಬೆಳಿಗ್ಗೆ ಚಹಾ, ಮಧ್ಯಾಹ್ನ ಊಟದ ಮೇಲೆ ಒಂದು ಗುಟುಕು, ಅಷ್ಟೇ. ಬಂದದ್ದನ್ನು ತಡೆಹಿಡಿಯುವುದರಲ್ಲಿ ನನ್ನಷ್ಟು ಗಟ್ಟಿಗಿತ್ತಿ ಇಲ್ಲ ಎಂಬ ಜಂಬವೂ ಒಳಗೊಳಗೆ ಇತ್ತು.

ಅದಕ್ಕೂ ಹಿಂದಿನ ವರ್ಷ ಬೇಸಿಗೆಯಲ್ಲಿ ಸಿಂಧನೂರು ಬಸ್ ನಿಲ್ದಾಣದ ಶೌಚಾಲಯದಲ್ಲಿ ಮೊದಲ ಸಲ ಕೆಂಪು ಕಂಡೆ. ನೋವಿಲ್ಲ, ಉರಿಯಿಲ್ಲ. ಮುಟ್ಟು ನಿಲ್ಲುವ ವಯಸ್ಸು, ಅದೇ ಇರಬೇಕು ಎಂದುಕೊಂಡೆ. ಡಾಕ್ಟರೂ ಅದನ್ನೇ ಅಂದರು. ಆಮೇಲೆ ಇನ್ನೊಬ್ಬರು, ನೀರು ಕುಡಿಯದ್ದಕ್ಕೆ ಸೋಂಕು ಆಗಿದೆ ಎಂದು ಗುಳಿಗೆ ಕೊಟ್ಟರು. ಕೆಂಪು ನಿಲ್ಲುವುದು, ಮತ್ತೆ ಬರುವುದು. ಕೊನೆಗೆ ಸ್ಕ್ಯಾನಿಂಗ್ ಮಾಡಿದಾಗ ಮೂತ್ರಚೀಲದೊಳಗೆ ಸಣ್ಣ ಗಂಟೊಂದು ಕಂಡಿತು. ಹೈದರಾಬಾದಿಗೆ ಹೋದೆವು. ಹೊಟ್ಟೆ ಕೊಯ್ಯದೆ, ಮೂತ್ರದ ದಾರಿಯಿಂದಲೇ ಕ್ಯಾಮೆರಾ ಇರುವ ಸಣ್ಣ ನಳಿಕೆ ತೂರಿಸಿ ಗಂಟನ್ನು ಕೆರೆದು ತೆಗೆದರು. ಆ ನಳಿಕೆಗೆ ನಮ್ಮ ಮನೆಯಲ್ಲಿ ದುರ್ಬೀನು ಎಂದೇ ಹೆಸರಾಯಿತು. ಗಂಟು ಕ್ಯಾನ್ಸರಿನದ್ದೇ. ಆದರೆ ಚೀಲದ ಗೋಡೆಯೊಳಗೆ ಬೇರು ಇಳಿಸಿರಲಿಲ್ಲ. ಈ ರೋಗಕ್ಕೆ ತಿರುಗಿ ಬರುವ ಚಾಳಿ ಇದೆ, ಮೂರು ತಿಂಗಳಿಗೊಮ್ಮೆ ಬಂದು ದುರ್ಬೀನು ಹಾಕಿಸಿಕೊಳ್ಳಬೇಕು ಎಂದು ಹೇಳಿ ಕಳಿಸಿದರು.

ಆ ಮೂರು ತಿಂಗಳ ಲೆಕ್ಕದಲ್ಲೇ ಒಂದು ವರ್ಷ ಕಳೆಯಿತು. ಪ್ರತಿ ಸಲವೂ ಚೀಲ ಸ್ವಚ್ಛ. ಜೀವ ಒಂದಿಷ್ಟು ಹಗುರಾಗುತ್ತಾ ಬಂದಿತ್ತು. ಕಾಲುವೆಗೆ ನೀರು ಬಿಟ್ಟ ಆ ವಾರ ಮತ್ತೆ ಹೋದಾಗಲೂ ದುರ್ಬೀನಿಗೆ ಏನೂ ಕಾಣಲಿಲ್ಲ. ಆದರೆ ಅವತ್ತು ನನ್ನ ಡಾಕ್ಟರಮ್ಮ ಒಂದು ಹೊಸ ಪರೀಕ್ಷೆಗೆಂದು ಮೂತ್ರ ತುಂಬಿಸಿಕೊಂಡಿದ್ದರು. ಅವರು ರಾಯಚೂರು ಕಡೆಯವರು, ನಮ್ಮ ಮಾತನ್ನೇ ಆಡುವವರು. ನಾವು ಖುಷಿಯಿಂದ ಊರಿಗೆ ಬಂದೆವು. ಅತ್ತೆಗೆ ಬಳೆ ತಂದೆವು.

ವಾರ ಕಳೆದಿರಲಿಲ್ಲ. ತುರ್ವಿಹಾಳದ ಟ್ರಿಪ್ಪಿನಲ್ಲಿದ್ದೆ. ನಾಟಿಗೆ ಹೊರಟ ಹೆಣ್ಣಾಳುಗಳು ಬಸ್ಸು ತುಂಬ. ಅದೇ ಕೆಸರಿನ ವಾಸನೆ. ಫೋನು ಬಂತು.

"ಗೌತಮಿ, ಮಾತಾಡಬಹುದಾ? ನಿಮ್ಮ ಮೂತ್ರದ ಟೆಸ್ಟು ಪಾಸಿಟಿವ್ ಬಂದದ. ಗಾಬ್ರಿ ಆಗಬ್ಯಾಡ್ರಿ. ಒಮ್ಮೆ ಬಂದು ಹೋಗ್ರಿ."

ಗಾಬರಿಯಾಗಬೇಡಿ ಎಂದು ಡಾಕ್ಟರು ಹೇಳಿದರೆ ಗಾಬರಿಯಾಗುವುದು ಬಿಟ್ಟು ಬೇರೇನು ಉಳಿಯುತ್ತದೆ? ನಾನು ಕಂಬಿ ಹಿಡಿದುಕೊಂಡೆ. ಒಬ್ಬಾಕೆ ಎದ್ದು ಸೀಟು ಕೊಟ್ಟಳು. "ಯಾಕ ಯವ್ವಾ, ಮಾರಿ ಬಿಳುಚ್ಯಾದ?" ಎಂದಳು.

ಮರುದಿನ ನಾನು, ನನ್ನ ಗಂಡ ಡಾಕ್ಟರಮ್ಮನ ಮುಂದೆ ಕೂತೆವು. ಅವರು ಬಿಡಿಸಿ ಹೇಳಿದರು. "ಚೀಲದ ಒಳಗೋಡಿಯಿಂದ ಜೀವಕೋಶ ದಿನಾ ಉದುರತಾವ, ಮೂತ್ರದಾಗ ಹೊರಗ ಬರ್ತಾವ. ಕ್ಯಾನ್ಸರ್ ಹತ್ತಿದ ಕೋಶದೊಳಗಿನ ಗುರುತು ಬ್ಯಾರೆ ಇರ್ತದ. ಈ ಟೆಸ್ಟು ಆ ಗುರುತು ಹುಡಕ್ತದ. ನಿಮ್ಮ ಮೂತ್ರದಾಗ ಅದು ಸಿಕ್ಕದ."

"ಮತ್ತ ದುರ್ಬೀನ್‌ನ್ಯಾಗ ಏನೂ ಇಲ್ಲ ಅಂದ್ರಲ್ರೀ ಮೇಡಮ್?" ನನ್ನ ಗಂಡನ ಧ್ವನಿ ಕೋರ್ಟಿನಲ್ಲಿ ವಾದ ಮಾಡಿದಂತಿತ್ತು.

"ನನ್ನ ಕಣ್ಣಿಗೆ ಕಾಣಲಿಲ್ಲ, ಖರೇ. ಈ ಟೆಸ್ಟು ಸುಳ್ಳು ಹೇಳಿರಬಹುದು. ಸೋಂಕು, ಕಿಡ್ನ್ಯಾಗ ಹಳ್ಳು ಇದ್ರೂ ಒಮ್ಮೊಮ್ಮೆ ಹಿಂಗ ಬರ್ತದ. ಇಲ್ಲಾಂದ್ರ ನನ್ನ ಕಣ್ಣಿಗಿಂತ ಮೊದಲ ಅದಕ್ಕ ಗೊತ್ತಾಗಿರಬಹುದು. ಎರಡರಾಗ ಯಾವುದು ಅಂತ ಇವತ್ತ ಹೇಳಾಕ ನನಗ ಬರಂಗಿಲ್ಲ."

ಮೂತ್ರಪಿಂಡ, ಮೂತ್ರನಾಳ ಎಲ್ಲದರ ಸ್ಕ್ಯಾನ್ ಮಾಡಿಸಿದರು. ಅಲ್ಲೂ ಏನೂ ಇಲ್ಲ. ಮೂರು ತಿಂಗಳ ನಂತರ ದುರ್ಬೀನು, ಮೂತ್ರ ಎರಡನ್ನೂ ಮತ್ತೆ ನೋಡೋಣ, ನಡುವೆ ಕೆಂಪು ಕಂಡರೆ ತಕ್ಷಣ ಬನ್ನಿ ಎಂದರು.

ರೋಗವಿದೆ ಎಂದಾಗಲೂ ನನಗೆ ಇಷ್ಟು ಹೆದರಿಕೆ ಆಗಿರಲಿಲ್ಲ. ಆಗ ಗಂಟು ಇತ್ತು, ಅದಕ್ಕೊಂದು ಜಾಗವಿತ್ತು, ತೆಗೆಯುತ್ತೇವೆ ಎಂದರು, ತೆಗೆದರು. ಈಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವವರು ಯಾರೂ ಇಲ್ಲ. ಇದೆಯೋ ಇಲ್ಲವೋ ಎಂದು ಹೇಳುವವರೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಿಗೆ ಹೋಗಿ ಬಗ್ಗಿ ನೋಡುತ್ತಿದ್ದೆ. ತಿಳಿಯಾಗಿದ್ದರೂ ನೆಮ್ಮದಿ ಇಲ್ಲ. ಕಣ್ಣಿಗೆ ಕಾಣದ ಗುರುತೇ ಇದರೊಳಗೆ ಸಿಕ್ಕಿದೆಯಲ್ಲ, ತಿಳಿಯಾಗಿದ್ದರೇನು ಬಂತು ಎನಿಸುತ್ತಿತ್ತು. ನನ್ನ ಮೈ ನನ್ನದೇ ಎಂಬ ಭರವಸೆ ಹೋಗಿತ್ತು. ಅದು ನನಗೆ ಹೇಳದ್ದನ್ನು ಯಾವುದೋ ಯಂತ್ರಕ್ಕೆ ಹೇಳಿತ್ತು.

ಮನೆಯಲ್ಲಿ ಅತ್ತೆಗೆ ತಿಳಿಸಲಿಲ್ಲ. ರಾಯಚೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿದ್ದ ಮಗಳಿಗೂ ಹೇಳಲಿಲ್ಲ. ಗಂಡ ಕಚೇರಿಯಿಂದ ಬಂದವನೇ ಮೊಬೈಲು ಹಿಡಿದು ಕೂರುತ್ತಿದ್ದ. ಆ ಪರೀಕ್ಷೆ ತಪ್ಪು ಹೇಳಿದ ಕಥೆ ಎಲ್ಲಿದ್ದರೂ ಹೆಕ್ಕಿ ತೆಗೆಯುತ್ತಿದ್ದ. "ನೋಡಿಲ್ಲಿ, ಇಲ್ಲೊಬ್ಬಾಕಿಗೂ ಹಿಂಗ ಬಂದಿತ್ತಂತ. ಕಡಿಗೆ ಏನೂ ಇರಲಿಲ್ಲಂತ" ಎಂದು ಪರದೆಯನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದ. ಪರೀಕ್ಷೆ ನಿಜ ಹೇಳಿದ ಕಥೆಗಳೂ ಅವನ ಕಣ್ಣಿಗೆ ಬಿದ್ದಿದ್ದವು ಅಂತ ನನಗೆ ಗೊತ್ತಿತ್ತು. ಅಂಥವು ಬಂದಾಗ ಮಾತ್ರ ಅವನ ಬೆರಳು ಪರದೆಯ ಮೇಲೆ ಬೇಗ ಬೇಗ ಸರಿಯುತ್ತಿತ್ತು.

ಗದ್ದೆಗಳು ಹಸಿರಾದವು. ಮಸ್ಕಿಯಿಂದ ಸಿಂಧನೂರಿಗೆ ಹೋಗುವಾಗ ಒಣಭೂಮಿಯ ಕೆಂಪು ಕಲ್ಲು ಹಿಂದಾಗಿ ಒಮ್ಮೆಲೇ ಹಸಿರು ತೆರೆದುಕೊಳ್ಳುವ ಜಾಗವೊಂದಿದೆ. ಹಿಂದೆಲ್ಲ ಅಲ್ಲಿಗೆ ಬಂದರೆ ಗಾಳಿಗೆ ಮುಖವೊಡ್ಡುತ್ತಿದ್ದೆ. ಆ ವರ್ಷ ಅದನ್ನು ನೋಡಿದರೆ, ಈ ಪೈರು ತೆನೆಯಾಗುವ ಹೊತ್ತಿಗೆ ನಾನು ಎಲ್ಲಿರುತ್ತೇನೋ ಎಂದೇ ಮನಸ್ಸು ಹೋಗುತ್ತಿತ್ತು. ಲಿಂಗಸುಗೂರಿಗೆ ಟಿಕೆಟ್ ಕೇಳಿದವರಿಗೆ ಗುರುಗುಂಟಾದ್ದು ಕೊಟ್ಟೆ. ಹತ್ತಿದವರನ್ನು ಮರೆತೆ. ನೀರು ಕುಡಿದರೆ ಹೋಗಬೇಕಾಗುತ್ತದೆ, ಹೋದರೆ ನೋಡಬೇಕಾಗುತ್ತದೆ ಎಂದು ಹೆದರಿ, ಇದ್ದ ಒಂದು ಗುಟುಕನ್ನೂ ಬಿಟ್ಟೆ.

ನನ್ನ ಬಸ್ಸಿನ ಡ್ರೈವರು ಮಹಬೂಬಣ್ಣ. ಮನೆಯಲ್ಲಿ ದಖ್ಖನಿ ಉರ್ದು, ಬಸ್ಸಿನಲ್ಲಿ ಕನ್ನಡ, ಎದುರಿಗೆ ಲಾರಿ ಅಡ್ಡ ಬಂದರೆ ಎರಡೂ. ಒಂದು ಮಧ್ಯಾಹ್ನ ಮಸ್ಕಿ ನಿಲ್ದಾಣದಲ್ಲಿ ಬಸ್ಸು ಖಾಲಿಯಾದ ಮೇಲೆ ತನ್ನ ನೀರಿನ ಬಾಟಲಿ ತಂದು ನನ್ನ ಮುಂದೆ ಇಟ್ಟ.

"ಕುಡೀರಿ ಅಕ್ಕ. ಮುಂಜಾನಿಂದ ನೋಡಾಕತ್ತೀನಿ, ಒಂದು ಹನಿ ಬಾಯಾಗ ಹಾಕಿಲ್ಲ ನೀವು. ರೋಜಾ ಉಪವಾಸ ನಿಮ್ದೋ ನಮ್ದೋ?"

ನಗಬೇಕೆಂದುಕೊಂಡೆ. ನಗು ಅಳುವಾಗಿ ಹೊರಬಂತು. ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದೆ. ಗಂಡಸರ ಮುಂದೆ ಮೂತ್ರದ ಮಾತು ಆಡಬಾರದು ಎಂಬ ಸಂಕೋಚವೂ ಅವತ್ತು ಅಡ್ಡ ಬರಲಿಲ್ಲ. ಅವನು ಎಂಜಿನ್ನಿನ ಮೇಲಿನ ಮುಚ್ಚಳಕ್ಕೆ ಒರಗಿ ಕೇಳುತ್ತಾ ನಿಂತ. ಆಮೇಲೆ ಜೇಬಿನಿಂದ ಬೀಡಿ ಕಟ್ಟು ತೆಗೆದ, ಹಚ್ಚಲಿಲ್ಲ.

"ಇದು ಬೀಡಿ ಸೇದೋರಿಗೆ ಬರ್ತದಂತಲ್ಲ ಅಕ್ಕ?"

"ಅವರಿಗೇ ಜಾಸ್ತಿ ಅಂತಾರ ಅಣ್ಣ."

"ಮತ್ತ ನನಗ ಬರಬೇಕಿತ್ತಲ್ಲ. ನಿಮಗ್ಯಾಕ ಬಂತು?" ಎಂದ. ಅವನು ಕಟ್ಟನ್ನು ಮತ್ತೆ ಜೇಬಿಗೆ ಹಾಕಿಕೊಂಡು ಸೀಟಿಗೆ ಹೋಗಿ ಕೂತ. ಅಂದಿನಿಂದ ಪ್ರತಿ ಟ್ರಿಪ್ಪಿನ ಕೊನೆಗೂ ಕನ್ನಡಿಯಲ್ಲೇ ನನ್ನನ್ನು ನೋಡಿ, ಹೆಬ್ಬೆರಳನ್ನು ಬಾಯಿಯ ಕಡೆಗೆ ಎತ್ತಿ, ನೀರು ಕುಡಿಯಲು ಸನ್ನೆ ಮಾಡುತ್ತಿದ್ದ.

ತೆನೆ ಹೊರಡುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಂಡೆ. ಗೋಡೆಗೆ ಕೈಕೊಟ್ಟು ಕೂತುಬಿಟ್ಟೆ. ಒಳಗಿದ್ದದ್ದು ಹೊರಗೆ ಬಂತು, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಗಂಡ ಓಡಿ ಬಂದ. ನಾನು ಕೈ ತೋರಿದೆ. ಅವನು ನೋಡಿದ. ಅವನ ಮುಖದ ಬಣ್ಣ ಇಳಿಯುವುದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆ ಆಯಿತು. ಈಗಿಂದೀಗ ಹೊರಡೋಣ ಎಂದು ಅವನು ಅಂಗಿ ಹಾಕಿಕೊಳ್ಳುತ್ತಿರುವಾಗ ಅತ್ತೆ ಬಾಗಿಲಲ್ಲಿ ಬಂದು ನಿಂತಳು. ಗುಟ್ಟು ಅಲ್ಲಿಗೇ ಒಡೆಯಿತು. ಎಲ್ಲವನ್ನೂ ಹೇಳಿದೆವು.

ಅತ್ತೆ ಬಚ್ಚಲೊಳಗೆ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು: "ನಿನ್ನಿ ಏನು ಉಂಡಿ?"

ಹಿಂದಿನ ಸಂಜೆ ಅವಳೇ ಬೀಟ್‌ರೂಟ್ ಪಲ್ಯ ಮಾಡಿದ್ದಳು. ಅವಳೇ ಎರಡನೇ ಸಲ ಬಡಿಸಿದ್ದಳು. "ನನಗೂ ಮುಂಜಾನೆ ಹಂಗ ಆಗ್ಯಾದ ನೋಡು" ಎಂದಳು. ಗಂಡ ನಗತೊಡಗಿದ. ನಾನೂ ನಕ್ಕೆ. ಅತ್ತೆ ನಗಲಿಲ್ಲ. ಬುದ್ಧನ ಪಟದ ಮುಂದೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಬೆನ್ನು ಅದುರುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. ಸಿಂಧನೂರಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿದೆವು, ರಕ್ತ ಇರಲಿಲ್ಲ.

ಕಟಾವಿನ ಯಂತ್ರಗಳು ಬಂದವು. ಅಲ್ಲಲ್ಲಿ ಟಾರ್ ರಸ್ತೆಯ ಮೇಲೇ ಭತ್ತ ಹರವಿದ್ದರು, ಬಸ್ಸು ಓರೆಯಾಗಿ ಹಾಯಬೇಕಾಗುತ್ತಿತ್ತು. ಹೈದರಾಬಾದಿಗೆ ಹೋಗುವ ದಿನ ಹತ್ತಿರ ಬಂದಂತೆ ಗಂಡ ಹೊಸ ರಾಗ ತೆಗೆದ.

"ಈ ಸಲ ಬ್ಯಾಡ ಬಿಡು. ಮುಂದಿನ ಸಲ ಹೋದ್ರಾತು. ರಕ್ತ ಇಲ್ಲ, ನೋವಿಲ್ಲ. ಆ ಟೆಸ್ಟು ಸುಳ್ಳದು."

"ಸುಳ್ಳಾದ್ರ ಹೋಗಿ ಸುಳ್ಳು ಅಂತ ಕೇಳಿಕೊಂಡ್ ಬರೂಣಲ್ಲ."

"ಖರೇ ಅಂದುಬಿಟ್ರ?" ಎಂದ.

ಆಗ ಅರ್ಥವಾಯಿತು. ಇಷ್ಟು ದಿನ ಅವನು ನನಗೆ ಧೈರ್ಯ ಹೇಳುತ್ತಿರಲಿಲ್ಲ, ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ನನಗೆ ಸಿಟ್ಟು ಬಂತು. "ಹೆದರಿಕಿ ನನಗೂ ಐತಿ. ನಿನಗಿಂತ ಜಾಸ್ತಿ ಐತಿ. ನೀ ಬರದಿದ್ರ ನಾ ಒಬ್ಬಾಕಿನೇ ಹೋಗ್ತೀನಿ. ಬಸ್ಸಿನ್ಯಾಗೇ ಬದುಕು ಮಾಡಾಕಿ, ದಾರಿ ಗೊತ್ತಿಲ್ಲೇನು ನನಗ?" ಎಂದೆ. ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವನು ತನ್ನ ಅಂಗಿಯ ಜೊತೆ ನನ್ನ ಸೀರೆಗೂ ಇಸ್ತ್ರಿ ಹಾಕಿ ಮಡಚಿಟ್ಟಿದ್ದ.

ಮೂತ್ರದ ಪರೀಕ್ಷೆ ಮತ್ತೆ ಪಾಸಿಟಿವ್ ಬಂತು. ದುರ್ಬೀನಿಗೆ ಈ ಸಲವೂ ಗಂಟೇನೂ ಕಾಣಲಿಲ್ಲ. ಡಾಕ್ಟರಮ್ಮ ಅಲ್ಲಿಗೆ ಬಿಡಲಿಲ್ಲ. ಅರಿವಳಿಕೆ ಕೊಟ್ಟು, ಚೀಲದ ಒಳಗೋಡೆ ಚೆನ್ನಾಗಿಯೇ ಇದೆ ಎನಿಸುವ ಕಡೆಗಳಿಂದಲೂ ಚೂರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾದ ದಿನಗಳಲ್ಲಿ ನಾನೂ ಗಂಡನೂ ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಅವನು ಮೊಬೈಲು ಮುಟ್ಟಲಿಲ್ಲ. ಟಿವಿ ಹಚ್ಚಿ ಧ್ವನಿ ಬಂದ್ ಮಾಡಿ ನೋಡುತ್ತಿದ್ದ. ನನಗೆ ಮಗಳ ಮದುವೆ, ಅತ್ತೆಯ ಔಷಧ, ಬಚ್ಚಲಿನ ಸೋರುವ ನಲ್ಲಿ ಎಲ್ಲ ಒಂದರ ಮೇಲೊಂದು ನೆನಪಾಗುತ್ತಿದ್ದವು. ಯಾರಿಗೆ ಯಾವುದನ್ನು ಹೇಳಿಹೋಗಬೇಕು ಎಂದು ಮನಸ್ಸಿನಲ್ಲೇ ಹಂಚುತ್ತಿದ್ದೆ.

ಡಾಕ್ಟರಮ್ಮ ಕರೆದು ಕೂರಿಸಿದರು. "ಸಿಕ್ತು. ಒಂದು ಚೂರಿನ್ಯಾಗ ಕ್ಯಾನ್ಸರ್ ಅದ. ಇದು ಗಂಟು ಕಟ್ಟೋ ಜಾತಿ ಅಲ್ಲ, ಗೋಡಿ ಮ್ಯಾಲ ಚಪ್ಪಟಾಗಿ ಹಬ್ಬೋದು. ಅದಕ್ಕ ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಸುಮ್ನ ಬಿಟ್ಟಿದ್ರ ಒಳಗ ಇಳೀತಿತ್ತು. ಆಗ ಚೀಲನೇ ತೆಗೀಬೇಕಾಗ್ತಿತ್ತು."

ನನ್ನ ಗಂಡ ಎದ್ದು ನಿಂತ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತ. "ಈಗ?" ಎಂದ.

"ಈಗ ಔಷಧಿಗೆ ಬಗ್ಗೋ ಹೊತ್ತಿನ್ಯಾಗ ಸಿಕ್ಕದ" ಎಂದರು.

ಹುಟ್ಟಿದ ಕೂಸಿಗೆ ಕ್ಷಯ ಬಾರದಿರಲೆಂದು ತೋಳಿಗೆ ಚುಚ್ಚುತ್ತಾರಲ್ಲ, ಅದೇ ಬಿಸಿಜಿ ನನ್ನ ಔಷಧ. ಅದನ್ನು ನಳಿಕೆಯಿಂದ ಮೂತ್ರಚೀಲದೊಳಗೆ ತುಂಬಿಸುತ್ತಾರೆ. ವಾರಕ್ಕೊಮ್ಮೆಯಂತೆ ಆರು ವಾರ ರಾಯಚೂರಿನಲ್ಲಿಯೇ ಆಯಿತು. ತುಂಬಿಸಿದ ಮೇಲೆ ಎರಡು ತಾಸು ಹೊರಗೆ ಬಿಡಬಾರದು. ತಡೆಹಿಡಿಯುವ ಕೆಲಸ ನನಗೇನು ಹೊಸದೇ ಎಂದುಕೊಂಡು ಮೊದಲ ದಿನ ನಗುತ್ತಾ ಮಲಗಿದ್ದೆ. ಮೂರನೇ ವಾರಕ್ಕೆ ಆ ಗರ್ವ ಇಳಿಯಿತು. ಒಳಗೆ ಮೆಣಸಿನ ಪುಡಿ ಕಲಸಿ ಸುರಿದಂತೆ ಉರಿ. ಸಂಜೆಗೆ ಚಳಿಜ್ವರ. ಮಗಳು ಹಾಸ್ಟೆಲಿನಿಂದ ಬಂದು, ನನಗ್ಯಾಕೆ ಮೊದಲೇ ಹೇಳಲಿಲ್ಲ ಎಂದು ಜಗಳ ಮಾಡಿ, ಜಗಳ ಮಾಡುತ್ತಲೇ ನನ್ನ ಕಾಲು ಒತ್ತುತ್ತಿದ್ದಳು. ಪ್ರತಿ ಸಲವೂ, ಈ ಔಷಧ ಆ ಚಪ್ಪಟೆ ಕಲೆಯನ್ನು ಸುಡುತ್ತಿದೆಯೋ ಅಥವಾ ನನ್ನನ್ನಷ್ಟೇ ಸುಡುತ್ತಿದೆಯೋ ಎಂಬ ಹೆದರಿಕೆ. ಹೇಳುವವರು ಯಾರೂ ಇರಲಿಲ್ಲ. ಮತ್ತೆ ಕಾಯಬೇಕಿತ್ತು.

ಕಾದ ಮೇಲೆ ಮತ್ತೆ ಹೈದರಾಬಾದು. ದುರ್ಬೀನು, ಚೂರು, ಮೂತ್ರ. ಈ ಸಲ ಮೂರೂ ಒಂದೇ ಮಾತು ಹೇಳಿದವು: ಇಲ್ಲ. ನನಗೆ ಕುಣಿಯುವಂತಾಗಲಿಲ್ಲ. ಇಲ್ಲ ಎಂಬ ಮಾತನ್ನು ಒಮ್ಮೆ ನಂಬಿ ಬಳೆ ಕೊಂಡವಳು ನಾನು. ಡಾಕ್ಟರಮ್ಮನೂ ಅದನ್ನೇ ಹೇಳಿದರು. "ಇವತ್ತಿಗೆ ಇಲ್ಲ. ಮೂರು ತಿಂಗಳಿಗೆ ಮತ್ತ ಬರ್ರಿ. ಬರೋದು ಮಾತ್ರ ತಪ್ಪಿಸಬ್ಯಾಡ್ರಿ. ಮತ್ತ ನೀರು ಕುಡೀರಿ, ಬಂದದ್ದನ್ನ ತಡೀಬ್ಯಾಡ್ರಿ."

ಆ ಹೆದರಿಕೆ ಇವತ್ತಿಗೂ ಹೋಗಿಲ್ಲ. ಪರೀಕ್ಷೆಗೆ ಮೂತ್ರದ ಬಾಟಲಿ ತುಂಬಿಸಿ ಕೊಟ್ಟ ದಿನದಿಂದ ಫೋನು ಬರುವ ದಿನದವರೆಗೆ ನನಗೆ ಊಟ ರುಚಿಸುವುದಿಲ್ಲ. ಆದರೆ ಅವತ್ತು ವಾಪಸು ಬರುವಾಗ ನಡೆದದ್ದನ್ನು ಹೇಳಬೇಕು.

ಲಿಂಗಸುಗೂರಿನ ಬಸ್ಸು. ನಾವಿಬ್ಬರೂ ಪ್ರಯಾಣಿಕರು. ಡಾಕ್ಟರಮ್ಮ ಹೇಳಿದಂತೆ ದಾರಿಯುದ್ದಕ್ಕೂ ನೀರು ಕುಡಿದಿದ್ದೆ. ರಾಯಚೂರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಒಂದಕ್ಕೆ ಒತ್ತರಿಸಿಕೊಂಡು ಬಂತು. ಮುಂದಿನ ಸ್ಟ್ಯಾಂಡಿಗೆ ಇನ್ನೊಂದು ತಾಸು ತಾನೇ, ತಡೆದರಾಯಿತು ಎಂದು ಹಳೆಯ ರೂಢಿಯಂತೆ ಕಾಲು ಬಿಗಿಹಿಡಿದು ಕೂತೆ. ನಿಲ್ಲಿಸಿ ಎಂದು ಹೇಗೆ ಕೇಳುವುದು? ನಾನೇ ಕಂಡಕ್ಟರು. ನಡುದಾರಿಯಲ್ಲಿ ಕೇಳಿದವರನ್ನು "ಸ್ಟ್ಯಾಂಡ್ ಬರಲಿ ತಡೀರಿ" ಎಂದು ಕೂರಿಸಿದವಳು.

ಗಂಡ ನನ್ನ ಮುಖ ನೋಡಿದ. "ಯಾಕ?" ಎಂದ. ನಾನು ಕಣ್ಣಲ್ಲೇ ಹೇಳಿದೆ. ಕಚೇರಿಯಲ್ಲಿ ಸಾಹೇಬರ ಎದುರು ಧ್ವನಿ ಏರಿಸದ ಮನುಷ್ಯ ಸೀಟಿನಿಂದ ಎದ್ದು ನಿಂತು, ಬಸ್ಸಿಗೆಲ್ಲ ಕೇಳುವಂತೆ ಕೂಗಿದ:

"ಏ ಕಂಡಕ್ಟರ್ ಸಾಹೇಬ್ರ, ಬಸ್ ನಿಲ್ಲಸ್ರೀ! ನಮ್ಮಾಕಿ ಒಂದಕ್ಕ ಹೋಗಬೇಕು!"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಂಡಕ್ಟರು ಗೊಣಗಿದ, ಸೀಟಿ ಊದಿದ. ಒಂದು ಪೆಟ್ರೋಲ್ ಬಂಕಿನ ಮುಂದೆ ಬಸ್ಸು ನಿಂತಿತು. ತಲೆ ತಗ್ಗಿಸಿ ಇಳಿದು, ಬಂಕಿನ ಹಿಂದಿನ ಶೌಚಾಲಯಕ್ಕೆ ನಡೆದೆ. ಹೊರಗೆ ಬಂದು ನೋಡಿದರೆ ಬಾಗಿಲ ಮುಂದೆ ಸಾಲು ನಿಂತಿತ್ತು. ಬುರ್ಖಾ ತೊಟ್ಟ ಹುಡುಗಿ, ಕೂಸು ಎತ್ತಿಕೊಂಡ ಬಾಣಂತಿ, ಕಾಲೇಜಿನ ಮೇಡಮ್ಮಿನಂತಿದ್ದವರು, ಕೋಲು ಹಿಡಿದ ಮುದುಕಿ. ಬಸ್ಸಿನ ಅರ್ಧ ಹೆಂಗಸರು ಇಳಿದಿದ್ದರು. ಮುದುಕಿ ನನ್ನ ಕೈ ಹಿಡಿದು, "ಪುಣ್ಯಾತ್ಗಿತ್ತಿ, ರಾಯಚೂರಿಂದ ಜೀವ ಹಿಡಕೊಂಡ್ ಕುಂತಿದ್ದೆ ನೋಡವ್ವ" ಎಂದಳು.

ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು ಸೀಟಿ ಊದತೊಡಗಿದ. "ಲಗೂನ ಬರ್ರಿ! ಟೈಮ್ ಆತು!"

ನಾನು ಹೋಗಿ ಅವನ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತೆ.

"ತಡೀರಿ" ಎಂದೆ. "ಇನ್ನೂ ಮಂದಿ ಬರೋರದಾರ."